ಮಶಕಧ್ವನಿ ಮತ್ತು ರೋಗನಿವಾರಣೆ: ಒಂದು ಐತಿಹಾಸಿಕ ವಿವೇಚನೆ

ಶಬ್ದದ ಬಲದಿಂದ ಸೊಳ್ಳೆಗಳನ್ನು ಮನೆಯಿಂದಾಚೆಗೆ ಅಟ್ಟಬಹುದೆಂಬ ನಂಬಿಕೆ ಇಂದು ಸಾಕಷ್ಟು ಹಬ್ಬಿದೆ. ಗೋಡೆಯ ವಿದ್ಯುತ್ ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಪೆಟ್ಟಿಗೆಗಳು ಈ ನಂಬಿಕೆಯನ್ನೇ ಬಂಡವಾಳವಾಗಿ ಮಾಡಿಕೊಂಡು ಪೇಟೆಯಲ್ಲಿ ಮಾರಾಟವಾಗುತ್ತಿವೆ. ಅಂಥದೊಂದನ್ನು ನಾವೂ ಕೊಂಡು ತಂದು, ಮಳೆಗಾಲವೆಲ್ಲ ಅದರ ಕೆಂಪು ದೀಪ ಮಿನುಗುವುದನ್ನೂ ಸೊಳ್ಳೆಗಳು ಅದರ ನೆತ್ತಿಯ ಮೇಲೆಯೇ ನಿಶ್ಚಿಂತೆಯಾಗಿ ಕುಳಿತಿರುವುದನ್ನೂ ಕಂಡವರು. ಪೆಟ್ಟಿಗೆಯೊಡನೆ ಬಂದ ಕರಪತ್ರದಲ್ಲಿ ವಿಜ್ಞಾನದ ಹೆಸರನ್ನು ಬಹಳ ಗೌರವದಿಂದ ಹೇಳಲಾಗಿತ್ತು. ಯಾವ ವಿಜ್ಞಾನ, ಯಾರು ಕಂಡದ್ದು, ಎಂದು ಕಂಡದ್ದು ಎಂಬ ಪ್ರಶ್ನೆಗಳು ಅಲ್ಲಿಂದ ಹುಟ್ಟಿದುವು. ಅವುಗಳಿಗೆ ಉತ್ತರವನ್ನು ಅರಸುತ್ತ ಹೋದಂತೆ, ಸೊಳ್ಳೆಯ ಧ್ವನಿಯನ್ನು ಕುರಿತ ಸಂಶೋಧನೆಗೆ ಸುಮಾರು 170 ವರ್ಷಗಳ ಚರಿತ್ರೆ ಇದೆಯೆಂಬುದೂ, ಆ ಚರಿತ್ರೆಯಲ್ಲಿ ಕರಪತ್ರದ ಮಾತಿಗೆ ಆಧಾರವಿಲ್ಲವೆಂಬುದು ಮಾತ್ರವಲ್ಲ, ಅದಕ್ಕೆ ನೇರ ವಿರುದ್ಧವಾದ ಸಂಗತಿಯೇ ಮತ್ತೆ ಮತ್ತೆ ಸ್ಥಾಪಿತವಾಗಿದೆಯೆಂಬುದೂ ನಮಗೆ ತಿಳಿದುಬಂದಿತು. ಶಬ್ದ ಸೊಳ್ಳೆಯನ್ನು ಓಡಿಸುವುದಿಲ್ಲ, ಕರೆಯುತ್ತದೆ. ಕರೆಗೆ ಬರುವುದಾದರೋ ಗಂಡು, ಕಚ್ಚಿ ರೋಗವನ್ನು ಹರಡುವುದು ಹೆಣ್ಣು. ಈ ಒಂದು ವ್ಯತ್ಯಾಸವನ್ನು ಹಿಡಿದು ನೋಡಿದರೆ ಮುಂದಿನ ಚರಿತ್ರೆಯ ಬಹುಭಾಗ ತಾನಾಗಿ ತಿಳಿಯಾಗುತ್ತದೆ.

ಕಥೆಯ ಆರಂಭ 1855ರಲ್ಲಿ. ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯನಾದ ಕ್ರಿಸ್ಟೋಫರ್ ಜಾನ್‌ಸ್ಟನ್ ಎಂಬಾತ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯ ಕುಡಿಮೀಸೆಯ ಬುಡದಲ್ಲಿ ಬಟ್ಟಲಿನಾಕಾರದ ಒಂದು ಅಂಗವನ್ನು ವರ್ಣಿಸಿ, ಅದು ಶ್ರವಣೇಂದ್ರಿಯವಾಗಿರಬೇಕೆಂದು ಸೂಚಿಸಿದನು. ಗಂಡಿನಲ್ಲಿ ಈ ಅಂಗ ಹೆಚ್ಚು ದೊಡ್ಡದು. ಗಂಡಿನ ಕುಡಿಮೀಸೆಯಾದರೂ ನವಿರಾದ ಕೂದಲುಗಳಿಂದ ಗರಿಯಂತೆ ತುಂಬಿರುತ್ತದೆ. ಹೆಣ್ಣಿನದು ಬಹುಮಟ್ಟಿಗೆ ಬೋಳು. ಜಾನ್‌ಸ್ಟನ್ ಮುಂದಿಟ್ಟುದು ಅಂಗರಚನೆಯನ್ನು ನೋಡಿ ಮಾಡಿದ ಒಂದು ಊಹೆ. ಪ್ರಯೋಗದ ಬೆಂಬಲ ಅದಕ್ಕಿನ್ನೂ ಇರಲಿಲ್ಲ. ಆದರೂ ಆ ಅಂಗ ಇಂದಿಗೂ ಅವನ ಹೆಸರಿನಿಂದಲೇ ಕರೆಯಲ್ಪಡುತ್ತದೆ.

ಪ್ರಯೋಗದ ಬೆಂಬಲ ದೊರೆತುದು 1874ರಲ್ಲಿ. ನ್ಯೂಜೆರ್ಸಿ ಪ್ರಾಂತದ ಹೊಬೋಕೆನ್ನಿನಲ್ಲಿದ್ದ ಸ್ಟೀವನ್ಸ್ ವಿದ್ಯಾಸಂಸ್ಥೆಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾಗಿದ್ದ ಆಲ್‌ಫ್ರೆಡ್ ಮೇಯರ್ ಜೀವಂತ ಗಂಡು ಸೊಳ್ಳೆಯೊಂದನ್ನು ಅರಗಿನಿಂದ ಗಾಜಿನ ಪಟ್ಟಿಗೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗಿರಿಸಿ, ಹತ್ತಿರದಲ್ಲಿ ಬೇರೆ ಬೇರೆ ಶ್ರುತಿಕವೆಗಳನ್ನು ಮಿಡಿದು ನೋಡಿದನು. ಸೆಕೆಂಡಿಗೆ 512 ಕಂಪನಗಳುಳ್ಳ ಕವೆಯನ್ನು ಮಿಡಿದಾಗ ಕುಡಿಮೀಸೆಯ ಕೆಲವು ಕೂದಲುಗಳು ರಭಸದಿಂದ ನಡುಗಿದುವು. ಇತರ ಕೆಲವು ಬೇರೆ ಸ್ವರಗಳಿಗೆ ಸ್ಪಂದಿಸಿದುವು. ಸಂಗೀತವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಂದು ತಂಬೂರಿಯನ್ನು ಮೀಟಿದರೆ ಅದೇ ಶ್ರುತಿಗೆ ಕೂಡಿಸಿದ ಪಕ್ಕದ ತಂಬೂರಿಯ ತಂತಿ ತಾನಾಗಿ ಮಿಡಿಯುವುದನ್ನು ಅವರು ಕಂಡೇ ಇರುತ್ತಾರೆ. ಮೇಯರ್ ಅಷ್ಟಕ್ಕೇ ನಿಲ್ಲಲಿಲ್ಲ. ಶಬ್ದ ಬರುವ ದಿಕ್ಕು ಬದಲಾದಂತೆ ಕೂದಲುಗಳ ನಡುಕ ಹೆಚ್ಚುಕಡಿಮೆಯಾಗುವುದನ್ನು ಗಮನಿಸಿ, ಕೂದಲನ್ನು ಮಾತ್ರ ನೋಡಿಯೇ ಶಬ್ದಮೂಲದ ದಿಕ್ಕನ್ನು ಹೇಳಬಹುದೆಂದು ತೋರಿಸಿದನು. ಕತ್ತಲಲ್ಲಿ ಹಾರುವ ಗಂಡು ತನ್ನೆರಡು ಕುಡಿಮೀಸೆಗಳೂ ಸಮನಾಗಿ ಮಿಡಿಯುವಂತೆ ದೇಹವನ್ನು ತಿರುಗಿಸಿಕೊಂಡು ನೇರವಾಗಿ ಹೆಣ್ಣಿನತ್ತ ಸಾಗುತ್ತದೆಂಬುದು ಅವನ ವಿವರಣೆ. ಇಷ್ಟನ್ನು ಸಾಧಿಸಿಯೂ ಆತ ತನ್ನ ಲೇಖನದ ಶೀರ್ಷಿಕೆಯಲ್ಲಿ ‘ಸೊಳ್ಳೆಯ ಶ್ರವಣಾಂಗವೆಂದು ಊಹಿಸಲಾಗಿರುವುದು’ ಎಂಬ ಅರ್ಥದ ಪದವನ್ನೇ ಉಳಿಸಿಕೊಂಡನು. ಈ ಸಂಯಮವನ್ನು ನಾವು ಮೆಚ್ಚಬೇಕು. ಕೂದಲು ನಡುಗಿತೆಂದ ಮಾತ್ರಕ್ಕೆ ಪ್ರಾಣಿ ಕೇಳಿತೆಂದು ಹೇಳಲಾಗುವುದಿಲ್ಲವಷ್ಟೆ.

ಅದೇ ವರ್ಷ ಪ್ರಕಟವಾದ ‘ಮಾನವನ ಅವತರಣ’ ಗ್ರಂಥದ ಎರಡನೆಯ ಆವೃತ್ತಿಯಲ್ಲಿ ಡಾರ್ವಿನ್ ಮೇಯರನ ಪ್ರಯೋಗವನ್ನು ಉಲ್ಲೇಖಿಸಿದ್ದಾನೆ. ಆದರೆ ಡಾರ್ವಿನ್ನನ ಆಸಕ್ತಿ ಲೈಂಗಿಕ ಆಯ್ಕೆಯ ತತ್ತ್ವದಲ್ಲಿ. ಸೊಳ್ಳೆಗೂ ರೋಗಕ್ಕೂ ಸಂಬಂಧವಿದೆಯೆಂಬುದೇ ಆಗ ಸ್ಥಾಪಿತವಾಗಿರಲಿಲ್ಲ. ಆನೆಕಾಲು ರೋಗಕ್ಕೆ ಕಾರಣವಾದ ಹುಳುವಿನ ಮರಿ ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಪ್ಯಾಟ್ರಿಕ್ ಮ್ಯಾನ್‌ಸನ್ ಚೀನದ ಅಮಾಯ್ ಬಂದರಿನಲ್ಲಿ ಕಂಡದ್ದು 1877ರಲ್ಲಿ. ಕ್ಯೂಬಾದ ಕಾರ್ಲೋಸ್ ಫಿನ್ಲೇ ಹಳದಿ ಜ್ವರಕ್ಕೆ ಸೊಳ್ಳೆಯೇ ವಾಹಕವೆಂದು ವಾದಿಸಿದ್ದು 1881ರಲ್ಲಿ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅನಾಫಿಲೀಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರೋಪಜೀವಿಯನ್ನು ಗುರುತಿಸಿದ್ದು 1897ರ ಆಗಸ್ಟ್ 20ರಂದು. ಅಂದರೆ, ಸೊಳ್ಳೆ ಶತ್ರುವೆಂದು ತಿಳಿಯುವ ಮೊದಲೇ ಅದರ ಕಿವಿಯ ಗುಟ್ಟು ಬಹುಮಟ್ಟಿಗೆ ಬಯಲಾಗಿದ್ದಿತು.

ಈ ಎರಡು ಎಳೆಗಳು ಸಂಧಿಸುವ ಸ್ಥಳದಲ್ಲಿ ಒಬ್ಬ ವಿಚಿತ್ರ ವ್ಯಕ್ತಿ ಕಾಣಿಸಿಕೊಳ್ಳುತ್ತಾನೆ. ಸ್ವಯಂಚಾಲಿತ ಮೆಷಿನ್‌ಗನ್ನನ್ನು ನಿರ್ಮಿಸಿ ಹೆಸರಾದ ಹೈರಮ್ ಮ್ಯಾಕ್ಸಿಮ್ 1878ರ ಸುಮಾರಿಗೆ ನ್ಯೂಯಾರ್ಕ್ ಪ್ರಾಂತದ ಸರಟೋಗ ಸ್ಪ್ರಿಂಗ್ಸ್ ಎಂಬಲ್ಲಿ ದೊಡ್ಡ ಹೋಟೆಲೊಂದಕ್ಕೆ ವಿದ್ಯುದ್ದೀಪಗಳನ್ನು ಅಳವಡಿಸುತ್ತಿದ್ದನು. ಉಪಕರಣಗಳಲ್ಲೊಂದು ಒಂದೇ ಸಮನಾದ ಸ್ವರವನ್ನು ಹೊರಡಿಸುತ್ತಿದ್ದುದಾಗಿಯೂ, ಅದರ ಮೇಲೆ ಸಂಜೆ ಸೊಳ್ಳೆಗಳು ಮುತ್ತುತ್ತಿದ್ದುದಾಗಿಯೂ, ಪರೀಕ್ಷಿಸಿ ನೋಡಿದರೆ ಎಲ್ಲವೂ ಗಂಡುಗಳೇ ಆಗಿದ್ದುದಾಗಿಯೂ ಆತ ಬರೆದಿದ್ದಾನೆ. ಆ ಸ್ವರ ಹೆಣ್ಣಿನ ರೆಕ್ಕೆಯ ಸ್ವರಕ್ಕೆ ಸರಿಹೊಂದುತ್ತಿತ್ತೆಂಬುದು ಅವನ ತೀರ್ಮಾನ. ತನ್ನ ಮಾತನ್ನು ಆಗ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲವೆಂಬ ಕೊರಗೂ ಅವನಿಗಿತ್ತು. ಇಲ್ಲಿ ಚರಿತ್ರಕಾರನು ಸ್ವಲ್ಪ ಎಚ್ಚರ ವಹಿಸಬೇಕು. ಮ್ಯಾಕ್ಸಿಮ್ ಇದನ್ನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದುದು 1901ರಲ್ಲಿ, ಆತ್ಮಕಥೆಯಲ್ಲಿ ಪ್ರಕಟಿಸಿದ್ದು 1915ರಲ್ಲಿ. ಘಟನೆಗೂ ಬರವಣಿಗೆಗೂ ಎರಡು ದಶಕಗಳಿಗೆ ಮೀರಿದ ಅಂತರವಿದೆ. ಹೀಗಿದ್ದರೂ ಮುತ್ತಿದುವು ಗಂಡುಗಳು ಮಾತ್ರವೆಂಬ ವಿವರ ಕೇವಲ ಕಲ್ಪನೆಯಿಂದ ಬರುವಂಥದಲ್ಲ. ಮುಂದಿನ ಪ್ರಯೋಗಗಳೆಲ್ಲ ಅದನ್ನು ಸಮರ್ಥಿಸಿರುವುದರಿಂದ ಅವನ ಸಾಕ್ಷ್ಯವನ್ನು ನಾವು ಒಪ್ಪುತ್ತೇವೆ. ತನ್ನ ಗನ್ನುಗಳ ಸದ್ದಿನಿಂದಲೇ ಕಿವಿ ಕಳೆದುಕೊಂಡವನೊಬ್ಬನು ಸೊಳ್ಳೆಯ ಕಿವಿಯನ್ನು ಕುರಿತು ಪತ್ರಿಕೆಗೆ ಬರೆದನೆಂಬುದು ಚರಿತ್ರೆಯ ಚಮತ್ಕಾರಗಳಲ್ಲೊಂದು.

1901ರಲ್ಲಿ ರೋಗನಿಯಂತ್ರಣಕ್ಕೆ ಈ ಸುಳಿವನ್ನು ಯಾರೂ ಏಕೆ ಬಳಸಿಕೊಳ್ಳಲಿಲ್ಲ? ಉತ್ತರವನ್ನು ರಾಸನ ಜೀವನದಲ್ಲಿಯೇ, ಅದರಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೇ ಕಾಣಬಹುದು. 1883ರಲ್ಲಿ ಆತ ಬೆಂಗಳೂರು ದಂಡಿನಲ್ಲಿ ವೈದ್ಯಾಧಿಕಾರಿಯಾಗಿದ್ದಾಗ, ತನ್ನ ಬಂಗಲೆಯ ಕಿಟಕಿಯ ಬಳಿಯಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆಯ ಮರಿಗಳು ತುಂಬಿರುವುದನ್ನು ಕಂಡು ಅದನ್ನು ಬರಿದುಮಾಡಿಸಿದನು. ಸೊಳ್ಳೆಗಳ ಕಾಟ ಕೂಡಲೆ ಇಳಿಯಿತು. ಭೋಜನಶಾಲೆಯ ಸುತ್ತಲೂ ಹಾಗೆಯೇ ಮಾಡಬಹುದೆಂದು ಆತ ಅಲ್ಲಿಯ ಸೈನ್ಯಾಧಿಕಾರಿಗೆ ಸೂಚಿಸಿದಾಗ, ಸೊಳ್ಳೆಗಳನ್ನು ದೇವರು ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಸಿರಬೇಕಾದುದರಿಂದ ಅವನ್ನು ಸಹಿಸುವುದೇ ಕರ್ತವ್ಯವೆಂಬ ಉತ್ತರ ಬಂದಿತಂತೆ. ತೊಟ್ಟಿಯನ್ನು ಬರಿದುಮಾಡುವುದಕ್ಕೆ ಶ್ರುತಿಕವೆ ಬೇಕಿಲ್ಲ. ಅದರಿಂದ ಗಂಡು ಹೆಣ್ಣುಗಳೆರಡೂ ಹುಟ್ಟುವ ಮೊದಲೇ ನಾಶವಾಗುತ್ತವೆ. 1901ರ ಬಳಿಕ ಹವಾನಾ, ಪನಾಮಾ ಮೊದಲಾದೆಡೆ ಜಯ ತಂದುದು ಇದೇ ಮಾರ್ಗ. ಮ್ಯಾಕ್ಸಿಮ್ಮನ ಸ್ವರ ಅಂದಿನ ಆರೋಗ್ಯಾಧಿಕಾರಿಗಳಿಗೆ ವಿನೋದವಾಗಿ ಮಾತ್ರ ಕೇಳಿಸಿದ್ದರೆ ಅವರನ್ನು ದೂರಲಾಗದು.

ಸೊಳ್ಳೆಯ ಧ್ವನಿಯನ್ನು ಯಂತ್ರದಿಂದ ಹಿಡಿದು, ಕಾಪಿಟ್ಟು, ಮತ್ತೆ ನುಡಿಸುವ ಸಾಧನಗಳು ದೊರೆತ ಮೇಲೆ ವಿಷಯ ಮತ್ತೊಮ್ಮೆ ತಲೆಯೆತ್ತಿತು. ನ್ಯೂಯಾರ್ಕಿನ ಕಾರ್ನೆಲ್ ವೈದ್ಯವಿದ್ಯಾಲಯದ ಮಾರ್ಟನ್ ಕಾನ್ ಮತ್ತು ಧ್ವನಿಮುದ್ರಣ ತಂತ್ರಜ್ಞನಾದ ವಿಲಿಯಮ್ ಆಫನ್‌ಹೌಸರ್ ಇತರರೊಡಗೂಡಿ ರೋಗವಾಹಕ ಸೊಳ್ಳೆಗಳ ಧ್ವನಿಗಳನ್ನು ಮುದ್ರಿಸಿ, 1945ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಬಳಿಕ ಅವರು ಕ್ಯೂಬಾದ ಜೌಗುಪ್ರದೇಶದಲ್ಲಿ ಅನಾಫಿಲೀಸ್ ಆಲ್ಬಿಮೇನಸ್ ಎಂಬ ಮಲೇರಿಯಾವಾಹಕ ಸೊಳ್ಳೆಯ ಹೆಣ್ಣಿನ ಧ್ವನಿಯನ್ನು ಧ್ವನಿವರ್ಧಕದಿಂದ ಪ್ರಸಾರಮಾಡಿ, ಮುಂದೆ ವಿದ್ಯುತ್ ಹರಿಯುವ ತಂತಿಬಲೆಯನ್ನಿಟ್ಟು, ಬಂದು ತಾಗಿದ ಗಂಡುಗಳನ್ನು ಕೊಂದರು. ಈ ಪ್ರಯೋಗದ ವರದಿ 1949ರಲ್ಲಿ ಬೆಳಕು ಕಂಡಿತು. ಫಿನ್ಲೇ ತನ್ನ ವಾದವನ್ನು ಮಂಡಿಸಿದ ದ್ವೀಪದಲ್ಲಿಯೇ ಶಬ್ದದಿಂದ ಸೊಳ್ಳೆಯನ್ನು ಕೊಲ್ಲುವ ಮೊದಲ ಬಯಲು ಪರೀಕ್ಷೆ ನಡೆಯಿತೆಂಬುದನ್ನು ಗಮನಿಸಬೇಕು. 1948ರಲ್ಲಿ ಲೂಯಿ ರಾತ್ ಹಳದಿ ಜ್ವರದ ಸೊಳ್ಳೆಯಾದ ಈಡಿಸ್ ಈಜಿಪ್ಟೈಯನ್ನು ಕುರಿತು ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿ, ಗಂಡು ಹೆಣ್ಣನ್ನು ಅರಸುವುದು ಅದರ ಹಾರಾಟದ ಸದ್ದಿನಿಂದಲೇ ಎಂದು ಖಚಿತಪಡಿಸಿದ್ದನು.

ತಂತ್ರ ಕೆಲಸ ಮಾಡಿತು; ಉದ್ದೇಶ ಮಾತ್ರ ನೆರವೇರಲಿಲ್ಲ. ಒಂದು ಗಂಡು ಅನೇಕ ಹೆಣ್ಣುಗಳನ್ನು ಕೂಡಬಲ್ಲುದು. ಹೆಣ್ಣಿಗಾದರೋ ಸಾಮಾನ್ಯವಾಗಿ ಒಂದು ಕೂಟವೇ ಜೀವಮಾನಕ್ಕೆ ಸಾಕು. ಆದುದರಿಂದ ನೂರು ಗಂಡುಗಳಲ್ಲಿ ಐವತ್ತನ್ನು ಕೊಂದರೂ ಉಳಿದ ಐವತ್ತು ಆ ಕೊರತೆಯನ್ನು ತುಂಬಿಬಿಡುತ್ತವೆ. ಬಲೆಗೆ ಬರುವ ಮೊದಲೇ ಗರ್ಭಧರಿಸಿದ ಹೆಣ್ಣುಗಳು ಆ ರಾತ್ರಿಯೂ ಕಚ್ಚುತ್ತವೆ, ಮರುದಿನವೂ ಕಚ್ಚುತ್ತವೆ. ಶಬ್ದ ತಲಪುವ ದೂರವೂ ಬಹಳ ಕಿರಿದು. ನಮ್ಮ ಕಿವಿತಮಟೆ ಗಾಳಿಯ ಒತ್ತಡದ ಏರಿಳಿತವನ್ನು ಗ್ರಹಿಸುತ್ತದೆ. ಸೊಳ್ಳೆಯ ಕುಡಿಮೀಸೆ ಗ್ರಹಿಸುವುದು ಗಾಳಿಯ ಕಣಗಳ ಓಲಾಟವನ್ನು. ಸೊಳ್ಳೆಯಂಥ ಚಿಕ್ಕ ಶಬ್ದಮೂಲದ ಬಳಿ ಈ ಓಲಾಟ ದೂರಕ್ಕೆ ಹೋದಂತೆ ಅತಿ ಶೀಘ್ರವಾಗಿ ಕ್ಷೀಣಿಸುತ್ತದೆ. ಹೆಣ್ಣಿನ ಸದ್ದು ಗಂಡಿಗೆ ಒಂದು ಮೊಳದಾಚೆ ಕೇಳುವುದೇ ಕಷ್ಟವೆಂದು ಬಹುಕಾಲ ಎಣಿಸಲಾಗಿದ್ದಿತು. ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2019ರಲ್ಲಿ, ಸಾಕಷ್ಟು ಗಟ್ಟಿಯಾದ ಶಬ್ದವಾದರೆ ಈಡಿಸ್ ಗಂಡು 10 ಮೀಟರ್ ದೂರದಿಂದಲೂ ಅದನ್ನು ಗ್ರಹಿಸುತ್ತದೆಂದು ತೋರಿಸಿ ಈ ಎಣಿಕೆಯನ್ನು ಸಡಿಲಿಸಿದ್ದಾರೆ.

ಕಾನ್ ಮತ್ತು ಆಫನ್‌ಹೌಸರರ ಪ್ರಯತ್ನ ಮುಂದುವರಿಯದಿದ್ದುದಕ್ಕೆ ಇನ್ನೊಂದು ಕಾರಣ ಕಾಲದ್ದು. 1939ರಲ್ಲಿ ಕೀಟನಾಶಕ ಗುಣ ಪತ್ತೆಯಾದ ಡಿ.ಡಿ.ಟಿ. 1949ರ ವೇಳೆಗೆ ಜಗತ್ತನ್ನೇ ಗೆದ್ದಿದ್ದಿತು. ಭಾರತದಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದುವು. 1965ರ ವೇಳೆಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಗೋಡೆಗೆ ಹೊಡೆದ ಮದ್ದು ಅಲ್ಲಿ ಕುಳಿತ ಹೆಣ್ಣನ್ನೇ ಕೊಲ್ಲುತ್ತಿರುವಾಗ ಗಂಡನ್ನು ಹಾಡಿ ಕರೆಯುವ ಪೆಟ್ಟಿಗೆ ಯಾರಿಗೆ ಬೇಕು? ಆದರೆ ಸೊಳ್ಳೆ ಮದ್ದಿಗೆ ಒಗ್ಗಿಕೊಂಡಿತು, ಕಾರ್ಯಕ್ರಮವೂ ಸಡಿಲಾಯಿತು, 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷವನ್ನು ದಾಟಿತು. ಮದ್ದಿನ ಮೇಲಿನ ಭರವಸೆ ಕುಗ್ಗಿದ ಕಾಲದಲ್ಲಿಯೇ ಶಬ್ದದತ್ತ ಸಂಶೋಧಕರು ಮರಳಿದರೆಂಬುದು ಆಕಸ್ಮಿಕವಲ್ಲವೆಂದು ನಮ್ಮ ಅಭಿಪ್ರಾಯ. 1980ರ ದಶಕದಲ್ಲಿ ಜಪಾನಿನ ಇಕೆಶೋಜಿ ಮೊದಲಾದವರು ಬಯಲಿನಲ್ಲಿ ಶಬ್ದದ ಬಲೆಗಳನ್ನು ಹೂಡಿದರು. ಹೆಣ್ಣುಗಳನ್ನೂ ಸೆಳೆಯುವ ಸಲುವಾಗಿ ಶಬ್ದದೊಡನೆ ಇಂಗಾಲಾಮ್ಲವನ್ನೂ ಪ್ರಾಣಿಯ ಎರೆಯನ್ನೂ ಜೋಡಿಸಿದ ಪ್ರಯೋಗಗಳು ಆಗ್ನೇಯ ಏಷ್ಯದಲ್ಲಿ ನಡೆದುವು. ಶಬ್ದವೊಂದೇ ಹೆಣ್ಣಿಗೆ ಸಾಲದೆಂಬುದನ್ನು ಈ ಜೋಡಣೆಯೇ ಹೇಳುತ್ತದೆ.

ಈಗ ನಮ್ಮ ಪ್ಲಗ್ಗಿನ ಪೆಟ್ಟಿಗೆಗೆ ಮರಳೋಣ. ಅದರ ಮಾರಾಟಗಾರರು ಎರಡು ಬಗೆಯ ಸಮರ್ಥನೆಗಳನ್ನು ನೀಡುತ್ತಾರೆ. ಗರ್ಭಧರಿಸಿದ ಹೆಣ್ಣು ಗಂಡಿನ ಸದ್ದನ್ನು ಕೇಳಿ ದೂರ ಸರಿಯುತ್ತದೆಂಬುದು ಒಂದು. ಬಾವಲಿಯ ಕೂಗನ್ನು ಹೋಲುವ ಅತಿ ತಾರಕ ಧ್ವನಿಗೆ ಸೊಳ್ಳೆ ಹೆದರುತ್ತದೆಂಬುದು ಮತ್ತೊಂದು. ಜಾನ್‌ಸ್ಟನ್ನನ ಅಂಗದಲ್ಲಿ ಗಂಡಿಗೆ ಸುಮಾರು 15,000 ಸಂವೇದನ ಕೋಶಗಳಿವೆ. ಹೆಣ್ಣಿಗೆ ಇರುವುದು ಸುಮಾರು ಅದರರ್ಧ. ಬಾವಲಿಯ ಕೂಗನ್ನು ಕೇಳಿ ತಪ್ಪಿಸಿಕೊಳ್ಳುವ ಪತಂಗಗಳುಂಟು. ಸೊಳ್ಳೆಯ ಕಿವಿಯಾದರೋ ಕೆಲವು ನೂರು ಕಂಪನಗಳ ಸ್ವರಕ್ಕೆ ಹೊಂದಿಕೊಂಡದ್ದು, ಬಾವಲಿಯ ಸ್ವರಕ್ಕಲ್ಲ. ಇದು ತರ್ಕದ ಮಾತಾಯಿತು. ಪ್ರಯೋಗದ ಮಾತನ್ನು ಕೇಳುವುದಾದರೆ, 2007ರಲ್ಲಿ ಎನಾಯತಿ, ಹೆಮಿಂಗ್‌ವೇ ಮತ್ತು ಗಾರ್ನರ್ ಅವರು 10 ಬಯಲು ಪರೀಕ್ಷೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ, ಈ ಉಪಕರಣಗಳಿಂದ ಸೊಳ್ಳೆಕಡಿತ ತಗ್ಗುವುದಿಲ್ಲವೆಂದೂ, ಇವನ್ನು ಕುರಿತು ಇನ್ನು ಪರೀಕ್ಷೆಗಳೇ ಅನಗತ್ಯವೆಂದೂ ತೀರ್ಮಾನಿಸಿದರು. ಇಷ್ಟಾದರೂ ಪೆಟ್ಟಿಗೆಗಳು ಮಾರಾಟವಾಗುತ್ತಲೇ ಇವೆ. ನಷ್ಟ ಹಣದ್ದು ಮಾತ್ರವಾಗಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಪೆಟ್ಟಿಗೆಯನ್ನು ನಂಬಿ ಸೊಳ್ಳೆಪರದೆಯನ್ನು ಮಡಿಸಿಟ್ಟ ಮನೆಯಲ್ಲಿ ಮಗುವಿಗೆ ಡೆಂಗೆಯೋ ಮಲೇರಿಯವೋ ತಗಲಿದರೆ ಅದು ನಗುವ ವಿಷಯವಲ್ಲ.

ಶಬ್ದದಿಂದ ಸೊಳ್ಳೆಯನ್ನು ಕೊಲ್ಲುವ ಒಂದು ಮಾರ್ಗವಿದೆ. ಕಿವಿಗೂ ಅದಕ್ಕೂ ಸಂಬಂಧವಿಲ್ಲ. ನೀರಿನಲ್ಲಿರುವ ಮರಿಯ ಬೆನ್ನಿನುದ್ದಕ್ಕೂ ಎರಡು ಶ್ವಾಸನಾಳಗಳು ಗಾಳಿ ತುಂಬಿಕೊಂಡಿರುತ್ತವೆ. ಸೆಕೆಂಡಿಗೆ ಸುಮಾರು 18,000ದಿಂದ 30,000 ಕಂಪನಗಳ ಶಬ್ದವನ್ನು ನೀರಿನಲ್ಲಿ ಹಾಯಿಸಿದರೆ ಈ ನಾಳಗಳು ಅನುನಾದದಿಂದ ಒಡೆದು ಮರಿ ಸಾಯುತ್ತದೆ. ತೊಟ್ಟಿ, ಪೀಪಾಯಿಗಳಿಗೆ ಇದು ಒಗ್ಗಬಹುದು. ಆದರೆ ಚೆಲ್ಲಬಹುದಾದ ನೀರಿಗೆ ರಾಸನ ಉಪಾಯವೇ ಅಗ್ಗ.

ಕಳೆದ ಎರಡು ದಶಕಗಳಲ್ಲಿ ಪ್ರಶ್ನೆಯೇ ಬದಲಾಗಿದೆ. ಸೊಳ್ಳೆಗೆ ನಾವು ಏನನ್ನು ಕೇಳಿಸಬೇಕು ಎಂಬುದರ ಬದಲು ಸೊಳ್ಳೆಯಿಂದ ನಾವು ಏನನ್ನು ಕೇಳಬಹುದು ಎಂದು ಸಂಶೋಧಕರು ಕೇಳತೊಡಗಿದ್ದಾರೆ. ಹೀಗೆ ಕೇಳಿದಾಗ ಹಿಂದಿನ ತೊಡಕು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಿವಿ ನಮ್ಮದಾದುದರಿಂದ ಕಚ್ಚಲು ಬರುವ ಹೆಣ್ಣಿನ ಸದ್ದೂ ಸಿಕ್ಕುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2017ರಲ್ಲಿ, ಸಾಮಾನ್ಯ ಮೊಬೈಲ್ ಫೋನಿನಿಂದಲೇ ರೋಗಸಂಬಂಧವಾದ 20 ಜಾತಿಯ ಸೊಳ್ಳೆಗಳ ಧ್ವನಿಗಳನ್ನು ಮುದ್ರಿಸಿ, ಅವುಗಳಿಂದ ಜಾತಿಯನ್ನು ಗುರುತಿಸುವ ಸಾಧ್ಯತೆಯನ್ನು ತೋರಿಸಿದರು. ಇಂಗ್ಲೆಂಡಿನ ಆಕ್ಸ್‌ಫರ್ಡಿನ ತಂಡವೊಂದು ಟಾಂಜಾನಿಯದಲ್ಲಿ, ಸೊಳ್ಳೆಪರದೆಗೆ ಚೀಲವೊಂದನ್ನು ಹೊಲಿದು ಅದರಲ್ಲಿ ಅಗ್ಗದ ಫೋನನ್ನು ಇರಿಸಿ, ಮಲಗಿದವರತ್ತ ಬರುವ ಸೊಳ್ಳೆಗಳ ಸದ್ದನ್ನು ರಾತ್ರಿಯೆಲ್ಲ ಮುದ್ರಿಸುವ ಕ್ರಮವನ್ನು ರೂಢಿಸಿತು. ಇದರಲ್ಲಿ ತೊಂದರೆಗಳಿಲ್ಲವೆಂದಲ್ಲ. ಒಂದೇ ಜಾತಿಯ ಸೊಳ್ಳೆಯ ಸ್ವರ ದೇಹದ ಗಾತ್ರ, ವಯಸ್ಸು, ಹವೆಯ ಉಷ್ಣತೆಗಳಿಗೆ ತಕ್ಕಂತೆ ಏರಿಳಿಯುತ್ತದೆ. ಎರಡು ಜಾತಿಗಳ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಹಳ್ಳಿಯ ರಾತ್ರಿಯೂ ನಿಶ್ಶಬ್ದವಲ್ಲ.

ಜಾತಿಯನ್ನು ಗುರುತಿಸುವುದು ಕೇವಲ ಪಂಡಿತರ ಹವ್ಯಾಸವೆಂದು ವಿದ್ಯಾರ್ಥಿಗಳು ಭಾವಿಸಬಾರದು. ಕರ್ನಾಟಕದಲ್ಲಿಯೇ ಮಲೆನಾಡಿನ ಹರಿಯುವ ತೊರೆಗಳಲ್ಲಿ ಅನಾಫಿಲೀಸ್ ಫ್ಲುವಿಯಾಟಿಲಿಸ್, ಬಯಲುಸೀಮೆಯ ಕಾಲುವೆ ಬಾವಿಗಳಲ್ಲಿ ಕ್ಯೂಲಿಸಿಫೇಸೀಸ್, ಮಂಗಳೂರಿನಂಥ ನಗರಗಳ ಬಾವಿ ತೊಟ್ಟಿಗಳಲ್ಲಿ ಸ್ಟೀಫೆನ್ಸೈ ಬೆಳೆಯುತ್ತವೆ. ಒಂದಕ್ಕೆ ತಕ್ಕ ಉಪಾಯ ಇನ್ನೊಂದಕ್ಕೆ ನಿರರ್ಥಕ. ನಮಗೆ ಚಿರಪರಿಚಿತವಾದ ಈ ಸ್ಟೀಫೆನ್ಸೈ 2012ರಲ್ಲಿ ಆಫ್ರಿಕದ ಜಿಬೂತಿಯಲ್ಲಿ ಕಾಣಿಸಿಕೊಂಡಿತು. ನಗರಗಳಲ್ಲಿ ಬೆಳೆಯುವ ಮಲೇರಿಯಾವಾಹಕ ಅಷ್ಟಾಗಿ ಇಲ್ಲದಿದ್ದ ಖಂಡಕ್ಕೆ ಇದು ಹೊಸ ಅಪಾಯವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎಚ್ಚರಿಕೆ ನೀಡಿದೆ. ಇಂಥ ಅತಿಥಿಯ ಆಗಮನವನ್ನು ಬೇಗ ತಿಳಿಯುವುದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಗಂಡನ್ನು ಕರೆಯುವ ಹಳೆಯ ಬಲೆಗೂ ಈಗ ಹೊಸ ಉದ್ಯೋಗ ದೊರೆತಿದೆ. ರೋಗಾಣುವಿನ ಹರಡುವಿಕೆಯನ್ನು ತಡೆಯಲು ಅಥವಾ ಸಂತಾನವನ್ನು ಕುಗ್ಗಿಸಲು ವಿಶೇಷವಾಗಿ ಸಾಕಿದ ಗಂಡು ಸೊಳ್ಳೆಗಳನ್ನು ಊರಿನಲ್ಲಿ ಬಿಡುವ ಯೋಜನೆಗಳಲ್ಲಿ, ಬಿಟ್ಟ ಗಂಡುಗಳು ಎಷ್ಟು ಉಳಿದಿವೆ ಎಂದು ಎಣಿಸಬೇಕಾಗುತ್ತದೆ. ಆಸ್ಟ್ರೇಲಿಯದ ಕೇರ್ನ್ಸ್ ನಗರದಲ್ಲಿ ಜಾನ್‌ಸನ್ ಮತ್ತು ರಿಚಿ ಎಂಬುವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೆಣ್ಣಿನ ಸ್ವರವನ್ನು ನುಡಿಸುವ ಚಿಕ್ಕ ಉಪಕರಣದಿಂದ ಈಡಿಸ್ ಗಂಡುಗಳನ್ನು ಹಿಡಿದರು. ಕ್ಯೂಬಾದಲ್ಲಿ ಕೊರತೆಯಾಗಿದ್ದ ಗುಣವೇ ಇಲ್ಲಿ ಅನುಕೂಲವಾಯಿತು.

ಕೊನೆಯದಾಗಿ ಮೇಯರನ ‘ಊಹೆ’ಯ ವಿಷಯ. ಗಂಡು ಹೆಣ್ಣುಗಳು ಹಾರುತ್ತಲೇ ತಮ್ಮ ಸ್ವರಗಳನ್ನು ಪರಸ್ಪರ ಹೊಂದಿಸಿಕೊಳ್ಳುತ್ತವೆಂದು ಗಿಬ್ಸನ್ ಮತ್ತು ರಸೆಲ್ 2006ರಲ್ಲಿ ಒಂದು ಜಾತಿಯಲ್ಲಿ ಕಂಡುಕೊಂಡರು. ಈಡಿಸ್ ಈಜಿಪ್ಟೈಯಲ್ಲಿ ಹೆಣ್ಣಿನ ಸ್ವರ ಸುಮಾರು 400 ಕಂಪನ, ಗಂಡಿನದು ಸುಮಾರು 600. ಹೆಣ್ಣಿನ ಮೂರನೆಯ ಅನುಸ್ವರವೂ ಗಂಡಿನ ಎರಡನೆಯ ಅನುಸ್ವರವೂ 1,200 ಕಂಪನಗಳ ಬಳಿ ಕೂಡುತ್ತವೆಂದು ಕೇಟರ್ ಮೊದಲಾದವರು 2009ರಲ್ಲಿ ತೋರಿಸಿದರು. ಇವೆಲ್ಲ ಬಲವಾದ ಸಾಕ್ಷ್ಯಗಳೇ. ಆದರೂ ಕೇಳುವ ಶಕ್ತಿಯೇ ಇಲ್ಲದ ಗಂಡು ಏನು ಮಾಡುತ್ತದೆ ಎಂಬ ನೇರವಾದ ಪರೀಕ್ಷೆ ಉಳಿದಿತ್ತು. 2024ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂಟಾ ಬಾರ್ಬರಾ ಶಾಖೆಯ ಮಾಂಟೆಲ್ ಮತ್ತು ಸಂಗಡಿಗರು ಶ್ರವಣಕ್ಕೆ ಅಗತ್ಯವಾದ ಒಂದು ಜೀನನ್ನು ಕೆಡಿಸಿ ಕಿವುಡು ಈಡಿಸ್ ಸೊಳ್ಳೆಗಳನ್ನು ಪಡೆದರು. ಹೆಣ್ಣಿನ ಸ್ವರವನ್ನು ನುಡಿಸಿದರೆ ಸಾಮಾನ್ಯ ಗಂಡುಗಳು ಧ್ವನಿವರ್ಧಕದತ್ತ ಧಾವಿಸಿದುವು. ಕಿವುಡು ಗಂಡುಗಳು ಅಲುಗಲಿಲ್ಲ. ಹೆಣ್ಣುಗಳೊಡನೆ ಒಂದೇ ಪಂಜರದಲ್ಲಿ ಬಿಟ್ಟರೂ ಅವು ಕೂಡಲೇ ಇಲ್ಲ. ಹೊಬೋಕೆನ್ನಿನ ಪ್ರಾಧ್ಯಾಪಕನು ಶೀರ್ಷಿಕೆಯಲ್ಲಿ ಉಳಿಸಿದ್ದ ಸಂದೇಹದ ಪದವನ್ನು ಅಳಿಸುವುದಕ್ಕೆ ಸರಿಯಾಗಿ 150 ವರ್ಷಗಳು ಹಿಡಿದುವು.